ಮೂರು ಕಪ್ ಅಂದ್ರೆ ಎಷ್ಟು?

ಪುಣೆಯ ಕೋಥ್ರುಡ್‌ನಲ್ಲಿ ನಮ್ಮ ಪ್ರಾಣಿಗಳ ಕ್ಲಿನಿಕ್. ಹೋದ ವರ್ಷ ಒಂದು ಗಂಡು ಲ್ಯಾಬ್ರಡಾರ್ ಬಂತು. ಐದು ವರ್ಷ, 46 ಕೆಜಿ, ಬಿಸಿಎಸ್ (ಮೈಕಟ್ಟಿಗೆ ಕೊಡುವ ಅಂಕ, 9 ಅಂದರೆ ಅತಿ ಬೊಜ್ಜು) 8. ಹಿಂಗಾಲು ಎಳೆಯುತ್ತಿದ್ದ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. 34ಕ್ಕೆ ಇಳಿಸೋಣ ಅಂದೆ. ಆ ತೂಕಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1000 ಕ್ಯಾಲರಿ. ನಾವು ಕೊಡುವ ಡಯಟ್ ಫುಡ್‌ನಲ್ಲಿ 300 ಗ್ರಾಂ. ಸಾಫ್ಟ್‌ವೇರ್ ಮಾತ್ರ 'ದಿನಕ್ಕೆ 3 ಕಪ್' ಅಂತ ಪ್ರಿಂಟ್ ಕೊಟ್ಟಿತು. ಹೊರಗೆ ಆರು ಕೇಸು ಕಾಯುತ್ತಿದ್ದವು. ಸಹಿ ಹಾಕಿ ಕೊಟ್ಟೆ.

ಊಟ ಹಾಕುವವರು ಧಾರವಾಡದ ಅಜ್ಜಿ. ನಾನು ಕನ್ನಡದವಳು ಅಂತ ಗೊತ್ತಾದ ಮೇಲೆ ಪ್ರತಿ ಸಲ ಮೊಮ್ಮಗನ ಜೊತೆ ಅವರೂ ಬರುತ್ತಿದ್ದರು.

ಎರಡು ವಾರಕ್ಕೆ 46.2. ನಾಲ್ಕು ವಾರಕ್ಕೆ 46. ವಾರಕ್ಕೆ ಅರ್ಧ ಕೆಜಿಯಾದರೂ ಇಳಿಯಬೇಕಿತ್ತು, ಅಲ್ವಾ? ಥೈರಾಯ್ಡ್ ಇರಬಹುದು ಅಂತ ರಕ್ತ ತೆಗೆದು ಟಿ4 (ಥೈರಾಯ್ಡ್ ಹಾರ್ಮೋನ್) ಟೆಸ್ಟ್‌ಗೆ ಕಳಿಸಿದೆ. ನಾರ್ಮಲ್. ಆರನೇ ವಾರ 46.4. ನನ್ನ ತಾಳ್ಮೆ ಕೆಟ್ಟಿತು.

"ಅಜ್ಜೀ, ಬಿಸ್ಕೆಟ್ಟೋ ಚಪಾತಿಯೋ, ಮನೇಲಿ ಯಾರೋ ಕದ್ದು ಹಾಕ್ತಿದ್ದೀರಿ. ನಿಜ ಹೇಳಿ."

ಜೋರಾಗಿಯೇ ಅಂದಿದ್ದೆ. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜಿ ಸೆರಗು ಸರಿ ಮಾಡಿಕೊಂಡರು, ಮಾತಾಡಲಿಲ್ಲ. ನಾಯಿಯಂತೂ ಕಾಟಾ ಮೇಲೆ ಕೂತು ನನಗೇ ಬಾಲ ಆಡಿಸುತ್ತಿತ್ತು.

ಮರುದಿನ ಓಪಿಡಿ ತೆರೆಯುವ ಮೊದಲೇ ಅಜ್ಜಿ ಒಬ್ಬರೇ ಬಂದು ಕೂತಿದ್ದರು. ಚೀಲದಿಂದ ಡಬ್ಬಿ ತೆಗೆದರು, ಒಂದು ಸ್ಟೀಲ್ ಲೋಟ ತೆಗೆದರು. ಡಬ್ಬಿಯಲ್ಲಿದ್ದ ಡಯಟ್ ಫುಡ್ಡನ್ನು ಲೋಟದ ಅಂಚಿನ ಸಮ ತುಂಬಿಸಿ ನನ್ನ ಮುಂದಿಟ್ಟರು.

"ನೀವ ಬರದಷ್ಟ ಹಾಕೀನ್ರೀ. ಒಂದ ಕಾಳ ಹೆಚ್ಚ ಹಾಕಿಲ್ಲ. ತೂಗ್ರಿ."

ಬೆಕ್ಕಿನ ಮರಿ ತೂಗುವ ಕಾಟಾದಲ್ಲಿ ಇಟ್ಟೆ. ಲೋಟದ ತೂಕ ಕಳೆದು 190 ಗ್ರಾಂ. ಮೂರಕ್ಕೆ 570. ಆ ಮನೆಯಲ್ಲಿ ಕಪ್ ಅಂದರೆ ಮಜ್ಜಿಗೆ ಲೋಟ! ಆರು ವಾರದಲ್ಲಿ ಒಂದು ಸಲವೂ 'ಯಾವುದರಲ್ಲಿ ಅಳೀತೀರಿ' ಅಂತ ನಾನು ಕೇಳಿರಲಿಲ್ಲ. ರಕ್ತ ಮಾತ್ರ ತೆಗೆದಿದ್ದೆ.

ತಪ್ಪಾಯ್ತು ಅಂದೆ. "ಇರ್ಲಿ ಬಿಡ್ರಿ" ಅಂದರು, ಮುಖ ನೋಡದೆ. ಟಿ4 ದುಡ್ಡು ವಾಪಸ್ ಕೊಡಿಸೋಕೆ ಹೋದರೆ, ಟೆಸ್ಟ್ ಆಗಿದೆಯಲ್ಲ ಅಂದರು ಮ್ಯಾನೇಜರ್.

ಅಡುಗೆ ಕಾಟಾ ತಂದ ಮೇಲೆ ಆರು ವಾರದಲ್ಲಿ 42.6ಕ್ಕೆ ಬಂದ. ಈಗ ನಾನು ಮುಟ್ಟುವ ಮೊದಲೇ ಅಜ್ಜಿ ಅವನ ಪಕ್ಕೆಲುಬು ಎಣಿಸುತ್ತಾರೆ. ಸಾಫ್ಟ್‌ವೇರ್‌ಗೆ ಮೂರು ಸಲ ಕಂಪ್ಲೇಂಟ್ ಹಾಕಿದ್ದೇನೆ. ಇನ್ನೂ ಕಪ್ ಅಂತಲೇ ಪ್ರಿಂಟ್ ಬರುತ್ತೆ. ಪೆನ್ನಲ್ಲಿ ಹೊಡೆದು ಗ್ರಾಂ ಬರೀತೀನಿ.