ಸದ್ಯಕ್ಕೆ ಎರಡೂವರೆ ಎಸೆತ

ಆಲ್ದೂರಿನ ಬಳಿ ಇರುವ ಅಕ್ಕನ ಮನೆಯ ಕಾಫಿ ಗೋಡೌನು ಮಳೆಗಾಲದಲ್ಲಿ ಬಹುತೇಕ ಖಾಲಿಯಾಗಿರುತ್ತದೆ. ಹೊರಗೆ ಮಳೆ ಬಿಡದೆ ಹೊಡೆಯುವ ಆ ದಿನಗಳಲ್ಲಿ, ಅದರ ಒಂದು ಗೋಡೆಗೆ ಗೋಣಿತಾಟು ಇಳಿಬಿಟ್ಟು, ಮೊಣಕಾಲಿನ ಎತ್ತರಕ್ಕೊಂದು ಕಂಕುಳಿನ ಎತ್ತರಕ್ಕೊಂದು ಸುಣ್ಣದ ಗೆರೆ ಎಳೆದು, ಅಕ್ಕನ ಹದಿನಾಲ್ಕು ವರ್ಷದ ಮಗಳು ಸಾಫ್ಟ್‌ಬಾಲ್ ಪಿಚಿಂಗ್, ಅಂದರೆ ಬೇಸ್‌ಬಾಲ್‌ನಂಥ ಆ ಆಟದಲ್ಲಿ ತೋಳನ್ನು ಸುತ್ತಿ ಕೆಳಗಿನಿಂದ ಚೆಂಡೆಸೆಯುವುದನ್ನು, ಅಭ್ಯಾಸ ಮಾಡುತ್ತಾಳೆ. ಮಹಿಳೆಯರ ಆಟದಲ್ಲಿ ಚೆಂಡೆಸೆಯುವ ಪಿಚರ್‌ಗೂ ಬ್ಯಾಟರ್‌ನ ಮುಂದಿನ ಹೋಮ್ ಪ್ಲೇಟ್‌ಗೂ ನಡುವೆ ಇರುವ 43 ಅಡಿಯನ್ನು ಟೇಪು ಹಿಡಿದು ಅಳೆದಾಗ ಅದು ಹಿಂಬಾಗಿಲಿನ ಹೊಸ್ತಿಲಿಗೆ ಬಂದು ನಿಂತಿತು. ಹಾಗಾಗಿ ಬಾಗಿಲು ಮುಚ್ಚಿದರೆ ಅವಳ ತೋಳು ಬೀಸಲು ಜಾಗ ಸಾಲುವುದಿಲ್ಲ, ತೆರೆದರೆ ಬೆನ್ನಿಗೆ ಇರಚಲು ಹೊಡೆಯುತ್ತದೆ.

ಈ ಸಲ ನಾನು ಚಿಕ್ಕಮಗಳೂರಿನಿಂದ ಹೋದಾಗ ಅವಳು ಗಣಿತದ ನೋಟ್‌ಬುಕ್ಕಿನ ಹಿಂಬದಿಯನ್ನು ತೆರೆದು ತೋರಿಸಿದಳು. ಫಾಸ್ಟ್‌ಬಾಲ್, ಚೇಂಜ್‌ಅಪ್, ಡ್ರಾಪ್, ರೈಸ್, ಕರ್ವ್, ಸ್ಕ್ರೂ ಎಂದು ಆರು ಬಗೆಯ ಎಸೆತಗಳ ಹೆಸರುಗಳಿದ್ದವು. "ಚಿಕ್ಕಮ್ಮ, ಮುಂದಿನ ವರ್ಷದೊಳಗೆ ಇಷ್ಟೂ ಬರಬೇಕು, ಮೊದಲು ರೈಸ್ ಹೇಳಿಕೊಡಿ" ಎಂದಳು. ನಾನು ಪೆನ್ನು ತೆಗೆದುಕೊಂಡು ಕೊನೆಯ ಮೂರನ್ನು ಹೊಡೆದುಹಾಕಿದೆ. ಸಂಜೆಯ ಕಾಫಿಯವರೆಗೂ ಅವಳು ನನ್ನೊಡನೆ ಮಾತನಾಡಲಿಲ್ಲ.

ನಾನು ಹೀಗೆ ಮಾಡಿದ್ದಕ್ಕೆ ಕಾರಣ ಹಾಸನದಲ್ಲಿ ಕಳೆದ ನನ್ನ ಕಾಲೇಜು ದಿನಗಳಲ್ಲಿದೆ. ಆಗ ನನಗೂ ರೈಸ್ ಬಾಲ್‌ನ ಹುಚ್ಚು ಹಿಡಿದಿತ್ತು. ಸೊಂಟದ ಪಕ್ಕದಿಂದ ಹೊರಟ ಚೆಂಡು ಬ್ಯಾಟಿನ ಹತ್ತಿರ ಬಂದು ಮೇಲಕ್ಕೆ ಜಿಗಿಯುವಂತೆ ಕಾಣುವುದೇ ಅದರ ಬೆಡಗು. ವಾಸ್ತವದಲ್ಲಿ ಚೆಂಡು ಜಿಗಿಯುವುದಿಲ್ಲ. ಹಿಮ್ಮುಖವಾಗಿ ತಿರುಗುತ್ತಾ ಹೋಗುವುದರಿಂದ ಅದಕ್ಕೆ ಗಾಳಿಯ ಎತ್ತುವಿಕೆ ಸಿಕ್ಕಿ, ಬೀಳಬೇಕಾದಷ್ಟು ಬೀಳುವುದಿಲ್ಲ, ಅಷ್ಟೆ. ಆ ಹಿಮ್ಮುಖ ಸುತ್ತು ಹುಟ್ಟಬೇಕಾದರೆ ಚೆಂಡನ್ನು ಬಿಡುವ ಗಳಿಗೆಯಲ್ಲಿ ಬೆರಳುಗಳು ಅದರ ಅಡಿಯಿಂದ ಸೀಳಿಕೊಂಡು ಹೋಗಬೇಕು, ಜೊತೆಗೆ ವೇಗವೂ ಇರಬೇಕು. ನನಗೆ ಎರಡೂ ಇರಲಿಲ್ಲ. ಬಾಗಿಲ ಹಿಡಿ ತಿರುಗಿಸಿದಂತೆ ಮಣಿಕಟ್ಟನ್ನು ತಿರುಚುತ್ತಿದ್ದೆ, ಚೆಂಡು ಬೈರಿಗೆಯಂತೆ ಗಾಳಿಯನ್ನು ಕೊರೆಯುತ್ತಾ ನೆಟ್ಟಗೆ ಹೋಗುತ್ತಿತ್ತು. ಹಾಗೆ ತಿರುಗುವ ಚೆಂಡನ್ನು ಗಾಳಿ ಎತ್ತುವುದೂ ಇಲ್ಲ, ಕೆಳಕ್ಕೆ ಒತ್ತುವುದೂ ಇಲ್ಲ. ಅಂತರ ಕಾಲೇಜು ಪಂದ್ಯವೊಂದರ ಕೊನೆಯದಾದ ಏಳನೆಯ ಇನ್ನಿಂಗ್ಸ್‌ನಲ್ಲಿ ಅದನ್ನೇ ಎಸೆದೆ. ಬಾಳೆಲೆಗೆ ಬಡಿಸಿದಂತೆ ಎದೆಯ ಎತ್ತರಕ್ಕೆ ಬಂದ ಚೆಂಡನ್ನು ಎದುರಿನ ಹುಡುಗಿ ಮೈದಾನದಾಚೆಯ ಅಶೋಕ ಮರಗಳಿಗೆ ತಲುಪಿಸಿದಳು. ಎರಡು ವರ್ಷ ರೈಸ್‌ಗೆ ಸುರಿದ ಸಮಯದಲ್ಲಿ ನನ್ನ ಫಾಸ್ಟ್‌ಬಾಲ್ ಪ್ಲೇಟಿನ ಎರಡು ಅಂಚುಗಳನ್ನು ಕಲಿಯಬಹುದಿತ್ತು.

ಆದ್ದರಿಂದ ಮೊದಲನೆಯದು ಫಾಸ್ಟ್‌ಬಾಲ್. ಅದರ ವೇಗದ ಬಗ್ಗೆ ಈಗಲೇ ತಲೆಕೆಡಿಸಿಕೊಳ್ಳಬೇಕಿಲ್ಲ. ಕೇಳಿದ ಕಡೆಗೆ ಹೋಗುತ್ತದೆಯೇ ಎಂಬುದಷ್ಟೇ ಮುಖ್ಯ.

ಎರಡನೆಯದು ಚೇಂಜ್‌ಅಪ್, ಅಂದರೆ ಫಾಸ್ಟ್‌ಬಾಲ್‌ನಂತೆ ತೋರಿ ನಿಧಾನವಾಗಿ ಬರುವ ಚೆಂಡು, ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಗಂಟೆಗೆ 80 ಕಿ.ಮೀ. ವೇಗದ ಚೆಂಡು 43 ಅಡಿಯನ್ನು ದಾಟಲು ಸುಮಾರು 0.6 ಸೆಕೆಂಡು ತೆಗೆದುಕೊಂಡರೆ, 60 ಕಿ.ಮೀ. ವೇಗದ ಚೆಂಡಿಗೆ ಸುಮಾರು 0.8 ಸೆಕೆಂಡು ಬೇಕು. ಈ ಚಿಟಿಕೆಯಷ್ಟು ವ್ಯತ್ಯಾಸದಲ್ಲಿ ಬ್ಯಾಟು ಬೀಸಿ ಮುಗಿದಿರುತ್ತದೆ. ನಮ್ಮ ಕಡೆಯ ಹುಡುಗಿಯರು ಬಹುಪಾಲು ಕ್ರಿಕೆಟ್‌ನಿಂದ ಬಂದವರು, ಮುಂಗಾಲು ಇಟ್ಟ ಮೇಲೆ ಹಿಂದೆ ಸರಿಯಲು ಅವರಿಗೆ ಬರುವುದಿಲ್ಲ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಷ್ಟವಿರುವುದು ಬೇರೆಡೆ: ತೋಳಿನ ಸುತ್ತು ಫಾಸ್ಟ್‌ಬಾಲ್‌ನಷ್ಟೇ ಬಿರುಸಾಗಿರಬೇಕು, ಚೆಂಡು ಮಾತ್ರ ನಿಧಾನವಾಗಿ ಹೊರಡಬೇಕು. ನಮ್ಮ ಹುಡುಗಿ ಮೊದಲ ವಾರ ತೋಳನ್ನೇ ನಿಧಾನ ಮಾಡುತ್ತಿದ್ದಳು. ಅದನ್ನು ಗೋಡೌನಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾವನೇ "ಈಗ ಮೆಲ್ಲಗೆ ಬರುತ್ತೆ" ಎಂದು ಮುಂಚಿತವಾಗಿ ಹೇಳಿಬಿಟ್ಟರು. ಆಮೇಲೆ ಚೆಂಡನ್ನು ಅಂಗೈಯೊಳಗೆ ಆಳವಾಗಿ ಹಿಡಿದು, ಬಿಡುವಾಗ ಕೈಯ ಹಿಂಬದಿ ಮುಂದಾಗುವಂತೆ ಮಾಡಿಸಿದೆ. ಈಗ ಹತ್ತರಲ್ಲಿ ನಾಲ್ಕು ಸರಿಯಾಗಿ ಬೀಳುತ್ತವೆ.

ಮೂರನೆಯದನ್ನು ನಾನು ಆರಿಸಲಿಲ್ಲ, ಅವಳ ಕೈಯೇ ಆರಿಸಿತು. ಹಳೆಯ ಚೆಂಡೊಂದರ ಸುತ್ತ ಮಾರ್ಕರಿನಿಂದ ದಪ್ಪ ಗೆರೆ ಎಳೆದು, ಹತ್ತು ಅಡಿ ದೂರದಿಂದ ಗೋಣಿತಾಟಿಗೆ ಮೆಲ್ಲಗೆ ಎಸೆಯಲು ಹೇಳಿದೆ. ಗೆರೆ ಓಲಾಡಿದರೆ ಸುತ್ತು ಕೆಟ್ಟಿದೆ ಎಂದರ್ಥ. ಅವಳ ಗೆರೆ ಹೆಚ್ಚು ಓಲಾಡದೆ ಗಾಡಿಯ ಚಕ್ರದಂತೆ ಮುಂದಕ್ಕೆ ಉರುಳಿಕೊಂಡು ಹೋಯಿತು. ಮುಂದಕ್ಕೆ ಉರುಳುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ, ಅದೇ ಡ್ರಾಪ್. ಮಣಿಕಟ್ಟನ್ನು ಮೇಲಿಂದ ಮಗುಚುವ ಡ್ರಾಪ್ ಕೂಡ ಇದೆಯಾದರೂ, ಬೆರಳುಗಳನ್ನು ಚೆಂಡಿನ ಹಿಂದಿನಿಂದ ಸಿಪ್ಪೆ ಸುಲಿದಂತೆ ಮೇಲಕ್ಕೆ ಎಳೆಯುವ ಬಗೆ ಫಾಸ್ಟ್‌ಬಾಲ್‌ಗೆ ತೀರ ಹತ್ತಿರವಾದದ್ದರಿಂದ ಅವಳಿಗೆ ಹೊಸದಾಗಿ ಕಲಿಯುವುದು ಕಡಿಮೆ. ಕ್ರಿಕೆಟ್ ಚೆಂಡಿನ ಸುತ್ತಳತೆ ಸುಮಾರು 9 ಇಂಚಾದರೆ ಸಾಫ್ಟ್‌ಬಾಲ್‌ನದು 12 ಇಂಚು. ಅವಳ ಪುಟ್ಟ ಕೈಗೆ ಎರಡೇ ಬೆರಳಿನ ಹಿಡಿತಗಳು ಇನ್ನೂ ಒಗ್ಗುವುದಿಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು.

ಆದರೂ ಡ್ರಾಪನ್ನು ನಾನು ಅರ್ಧ ಎಸೆತವೆಂದೇ ಎಣಿಸುತ್ತೇನೆ, ಏಕೆಂದರೆ ಉಳಿದರ್ಧ ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನದು. ಬ್ಯಾಟರ್‌ನ ವಿರುದ್ಧ ಎಣಿಸುವ ಎಸೆತವೇ ಸ್ಟ್ರೈಕ್, ಮೂರಾದರೆ ಔಟ್; ಆದರೆ ಮೂರನೆಯ ಸ್ಟ್ರೈಕ್‌ನ ಚೆಂಡನ್ನು ಕ್ಯಾಚರ್ ಹಿಡಿಯದೆ ಬಿಟ್ಟರೆ, ಮೊದಲನೆಯ ಬೇಸ್ ಖಾಲಿಯಿದ್ದಾಗ ಅಥವಾ ಇಬ್ಬರು ಔಟಾಗಿದ್ದಾಗ, ಬ್ಯಾಟರ್ ಓಡಿ ಬೇಸ್ ಸೇರಬಹುದು. ಅವಳ ತಂಡದ ಕ್ಯಾಚರ್ ನೆಲಕ್ಕೆ ಬಡಿದು ಬರುವ ಚೆಂಡಿಗೆ ಈಗಲೂ ಮುಖ ತಿರುಗಿಸುವ ಮಗು. ಇನ್ನೊಂದು ತೊಡಕೆಂದರೆ, ಡ್ರಾಪ್ ಸಾಮಾನ್ಯವಾಗಿ ನೆಲದ ಮೇಲೆ ಉರುಳುವ ಹೊಡೆತಗಳನ್ನು ಕೊಡುತ್ತದೆ. ಮಳೆ ನಿಂತ ಮೇಲೆ ಜಲ್ಲಿ ಎದ್ದ ಶಾಲೆಯ ಮೈದಾನದಲ್ಲಿ ಅಂತಹ ಚೆಂಡು ಯಾವ ಕಡೆಗೆ ನೆಗೆಯುತ್ತದೆಂದು ಹೇಳಲಾಗದು. ಇಬ್ಬರು ಹುಡುಗಿಯರನ್ನೂ ಒಟ್ಟಿಗೆ ಗೋಡೌನಿಗೆ ಕರೆಸುವುದೊಂದೇ ನನಗೆ ತೋಚಿದ ದಾರಿ.

ಎಸೆತಗಳ ಸಂಖ್ಯೆಯ ವಿಷಯದಲ್ಲಿ ಒಂದು ಜಗಳ ಇನ್ನೂ ಬಾಕಿಯಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನಗಳಲ್ಲಿ ಮೂರು ಪಂದ್ಯ ಆಡಿ 413 ಚೆಂಡು ಎಸೆದು ಚಿನ್ನ ಗೆದ್ದ ಕಥೆಯನ್ನು ನಾನೇ ಹೇಳಿ ತಪ್ಪು ಮಾಡಿದೆ. ಉಯೆನೊಗೆ ಆಗ 26 ವರ್ಷವಾಗಿತ್ತು ಎಂಬ ಭಾಗ ಅವಳ ಕಿವಿಗೆ ಬೀಳಲೇ ಇಲ್ಲ. ಸದ್ಯ ದಿನಕ್ಕೆ 60 ಎಂದು ಒಪ್ಪಂದವಾಗಿದೆ, ಅದರಲ್ಲಿ 30 ಫಾಸ್ಟ್‌ಬಾಲ್, 20 ಚೇಂಜ್‌ಅಪ್, 10 ಡ್ರಾಪ್. ಭುಜ ನೋವೆಂದರೆ ಅಂದಿಗೆ ನಿಲ್ಲಿಸಬೇಕು. ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಬರೆಯುತ್ತಾಳೆ, ಹತ್ತು ಡ್ರಾಪ್ ಎಂದಲ್ಲಿ ಹದಿನೈದು ಎಸೆಯುತ್ತಾಳೆಂದು ಅಕ್ಕ ಫೋನಿನಲ್ಲಿ ದೂರು ಹೇಳುತ್ತಾಳೆ.

ರೈಸ್‌ನ ಮಾತನ್ನು ಅವಳು ಬಿಟ್ಟಿಲ್ಲ. ಕೊಯ್ಲು ಶುರುವಾಗಿ ಗೋಡೌನಿಗೆ ಮೂಟೆಗಳು ಬಂದ ಮೇಲೆ ಅಭ್ಯಾಸವೆಲ್ಲ ಹೊರಗೆ ನಡೆಯಬೇಕು, ಆಗ ಮತ್ತೆ ಗೆರೆಯ ಚೆಂಡನ್ನು ತರುತ್ತೇನೆ, ಹಿಮ್ಮುಖ ಸುತ್ತು ಹತ್ತು ಸಲ ಓಲಾಡದೆ ಬಂದರೆ ಹೊಡೆದುಹಾಕಿದ ಮೂರು ಹೆಸರುಗಳಲ್ಲಿ ಒಂದನ್ನು ವಾಪಸು ಬರೆಯುತ್ತೇನೆ ಎಂದು ಹೇಳಿ ಬಂದಿದ್ದೇನೆ.