ಅಂಚಿನಲ್ಲಿ ನಿಂತವರೇ ಯಾಕೆ ದಪ್ಪ ಕಾಣ್ತಾರೆ?

ತುಂಬಾ ಅಗಲದ ನೋಟ ಹಿಡಿಯುವ ಅಲ್ಟ್ರಾ ವೈಡ್ ಲೆನ್ಸ್‌ನಲ್ಲಿ ಗ್ರೂಪ್ ಫೋಟೋ ತೆಗೆದರೆ ತುದಿಯಲ್ಲಿ ನಿಂತವರ ತಲೆ ಮೊಟ್ಟೆಯ ಹಾಗೆ ಓರೆಯಾಗಿ ಹಿಗ್ಗಿರುತ್ತದೆ, ಆಮೇಲೆ ಎಲ್ಲರೂ ಸುಮ್ನೆ ಲೆನ್ಸ್‌ಗೆ ಬೈಯುತ್ತಾರೆ. ಪಾಪ, ಅದರ ತಪ್ಪೇನೂ ಇಲ್ಲ.

ನೇರ ಗೆರೆಗಳು ಹೊರಕ್ಕೆ ಬಾಗಿದರೆ ಅದು ಬ್ಯಾರಲ್ ಡಿಸ್ಟಾರ್ಷನ್. ಅದು ಲೆನ್ಸ್‌ನದೇ ಕೊರತೆ, ಎಡಿಟ್ ಮಾಡುವಾಗ ಲೆನ್ಸ್ ಪ್ರೊಫೈಲ್ (ಆ ಲೆನ್ಸ್‌ನ ಬಾಗನ್ನು ಸರಿಪಡಿಸುವ ಸೆಟ್ಟಿಂಗ್) ಆನ್ ಮಾಡಿದರೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಮುಖ ಹಿಗ್ಗುವ ಕತೆಯೇ ಬೇರೆ. ಅಷ್ಟು ಅಗಲದ ನೋಟವನ್ನು ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಪ್ಪಟೆ ಸೆನ್ಸರ್ ಮೇಲೆ ಹರಡಬೇಕು, ಗೆರೆಗಳೂ ನೇರವಾಗಿಯೇ ಇರಬೇಕು ಅಂದರೆ ಅಂಚನ್ನು ಎಳೆಯದೆ ಬೇರೆ ದಾರಿಯೇ ಇಲ್ಲ. ಫುಲ್‌ಫ್ರೇಮ್ ಕ್ಯಾಮೆರಾಗೆ (ದೊಡ್ಡ ಸೆನ್ಸರ್ ಇರುವಂಥದ್ದು) 14 ಎಂಎಂ ಲೆನ್ಸ್ ಹಾಕಿ, ಫ್ರೇಮ್‌ನ ಬಲ ತುದಿಯಲ್ಲಿ ಒಂದು ಚೆಂಡು ಬರುವಂತೆ ಫೋಟೋ ತೆಗೆದರೆ ಅದರ ಅಗಲ ಎತ್ತರದ ಸುಮಾರು 1.6 ಪಟ್ಟು ಆಗುತ್ತದೆ. ನೋಟ ಅಷ್ಟು ಅಗಲವಿಲ್ಲದ 24 ಎಂಎಂನಲ್ಲಾದರೆ ಸುಮಾರು 1.25 ಪಟ್ಟು. ಲೆನ್ಸ್ ಎಷ್ಟೇ ದುಬಾರಿಯಾದರೂ ಈ ಲೆಕ್ಕ ಬದಲಾಗಲ್ಲ.

ಫಿಶ್‌ಐನಲ್ಲಿ (ಗೆರೆಗಳನ್ನು ಬಾಗಿಸಿಯೇ ಅಗಲದ ನೋಟ ಹಿಡಿಯುವ ಲೆನ್ಸ್) ಇದು ಉಲ್ಟಾ. ಚೆಂಡು ಬಹುತೇಕ ಗುಂಡಗೇ ಇರುತ್ತದೆ, ಗೋಡೆ ಬಾಗುತ್ತದೆ. ಗುಂಡು ಚೆಂಡು, ನೇರ ಗೋಡೆ ಎರಡೂ ಒಟ್ಟಿಗೆ ಬೇಕು ಅಂದ್ರೆ ಆಗಲ್ಲ. ನನಗಂತೂ ಜನರಿಲ್ಲದ ಕಟ್ಟಡ, ಬೆಟ್ಟಗಳಿಗೆ ಮಾತ್ರ ಅಲ್ಟ್ರಾ ವೈಡ್ ಲೆನ್ಸ್ ಇಷ್ಟ, ಅಲ್ಲೂ ಕ್ಯಾಮೆರಾ ಸ್ವಲ್ಪ ಮೇಲಕ್ಕೆತ್ತಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ ಅನ್ನುವುದು ಬೇರೆ ಮಾತು.

ಜನರನ್ನು ತೆಗೆಯಲೇಬೇಕಾ? ನಾಲ್ಕು ಹೆಜ್ಜೆ ಹಿಂದೆ ಹೋಗಿ, ಎಲ್ಲರನ್ನೂ ನಡುವೆ ಸೇರಿಸಿ, ಅಂಚಿನ ಖಾಲಿ ಜಾಗವನ್ನು ಆಮೇಲೆ ಕ್ರಾಪ್ ಮಾಡಿ.