ಅವ್ವನ ಹಾಡು 'ಆಡು' ಆಗಿ ಅಚ್ಚಾದಾಗ

ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ 11 ವರ್ಷದಿಂದ ಪ್ರೂಫ್ ನೋಡುತ್ತಿದ್ದೇನೆ. ಹೋದ ವರ್ಷ ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ನೆನಪಿನ ಪುಸ್ತಕ ಅಚ್ಚಾಯಿತು. 160 ಪುಟ, 500 ಪ್ರತಿ. ಅದರಲ್ಲಿ ಅವರ ತಾಯಿಯ ಬಗ್ಗೆ ಒಂದು ಅಧ್ಯಾಯ ಇತ್ತು, ಇಡೀ ಪುಸ್ತಕದ ಜೀವವೇ ಅದು. ಹೆಸರು 'ಅವ್ವನ ಹಾಡು'. ಅಚ್ಚಾಗಿ ಬಂದದ್ದು 'ಅವ್ವನ ಆಡು'. ದಪ್ಪ ಅಕ್ಷರದಲ್ಲಿ, ಪುಟದ ನೆತ್ತಿಯ ಮೇಲೆ. ಆ ಪುಟವನ್ನು ನಾನು ಮೂರು ಸಲ ನೋಡಿದ್ದೆ.

ಮೇಷ್ಟ್ರು ಬೈಯಲಿಲ್ಲ. ಪುಸ್ತಕ ತೆರೆದು ಮೇಜಿನ ಮೇಲಿಟ್ಟು, ಆ ಅಕ್ಷರದ ಮೇಲೆ ಬೆರಳಿಟ್ಟು, "ನಮ್ಮವ್ವ ಆಡು ಸಾಕಿರ್ಲಿಲ್ಲ ಕಣಪ್ಪ, ಹಾಡ್ತಿದ್ಲು" ಅಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ರಾತ್ರಿ ಮನೆಯಲ್ಲಿ ಆ ಪುಟವನ್ನೇ ಇಟ್ಟುಕೊಂಡು ಕೂತೆ. ತಲೆಬರಹದ ತಪ್ಪು ಕಣ್ಣು ತಪ್ಪುವುದು ನಮ್ಮ ಕೆಲಸದಲ್ಲಿ ಹೊಸದಲ್ಲ, ದೊಡ್ಡ ಅಕ್ಷರ ಅಲ್ವಾ, ಸರಿಯೇ ಇರುತ್ತದೆ ಅಂತ ಕಣ್ಣು ಕೆಳಗಿಳಿದುಬಿಡುತ್ತದೆ. ಆದರೆ ಇದು ಅಷ್ಟೇ ಅಲ್ಲ ಅನ್ನಿಸಿತು. ತುಟಿ ಅಲುಗಿಸದೆ ಮತ್ತೆ ಓದಿದೆ. ಈ ಸಲ ಓದುವುದನ್ನು ಬಿಟ್ಟು ಕೇಳಿಸಿಕೊಂಡೆ. ನಾನು ಓದುವಾಗ ತಲೆಯೊಳಗೆ ಒಂದು ದನಿ ಓದುತ್ತದೆ, ಮೊದಲಿಂದಲೂ ಅಷ್ಟೇ. ಅದು ಯಾವ ಊರಿನ ದನಿ ಅಂತ ಯಾವತ್ತೂ ಯೋಚಿಸಿರಲಿಲ್ಲ. ಅದು ಪಾಂಡವಪುರದ ಕಡೆಯ ನಮ್ಮ ಮನೆಯ ದನಿ. ನಮ್ಮ ಮನೆಯಲ್ಲಿ ಹಬ್ಬ 'ಅಬ್ಬ', ಹೂವು 'ಊವು', ಹಳ್ಳಿ 'ಅಳ್ಳಿ'. ಶಾಲೆ, ಕಾಲೇಜು, ಪ್ರೆಸ್ಸು ಅಂತ ಓಡಾಡಿ ನಾಲಿಗೆ ಹಕಾರ ಕಲಿತಿದೆ. ಒಳಗಿನ ದನಿ ಕಲಿತಿಲ್ಲ. 'ಹಾಡು' ಅಂತ ನೋಡಿದರೂ 'ಆಡು' ಅಂತ ನೋಡಿದರೂ ಒಳಗೆ ಕೇಳಿಸುವುದು ಒಂದೇ!

ಮೂರು ಸಲ ಅಲ್ಲ, ಮೂವತ್ತು ಸಲ ನೋಡಿದ್ದರೂ ನನಗೆ ಅದು ಸಿಗುತ್ತಿರಲಿಲ್ಲ.

ಬೆಳಿಗ್ಗೆ ಹೋಗಿ, ಪಕ್ಕದ ಮೇಜಿನಲ್ಲಿ ಪ್ರೂಫ್ ನೋಡುವ ಅಕ್ಕನಿಗೆ ಪುಟ ತೋರಿಸಿದೆ. ಅವರು ನನಗಿಂತ ಹಿರಿಯರು, 20 ವರ್ಷದ ಅನುಭವ. "ಅಯ್ಯೋ, ಮೇಕೆ ಬಂತಲ್ಲಪ್ಪ ಕಣ್ಮುಂದೆ" ಅಂದರು, ನೋಡಿದ ಕ್ಷಣದಲ್ಲೇ. ದನಿ ಕೇಳಿಸಲಿಲ್ವಾ ಅಂತ ಕೇಳಿದರೆ ಯಾವ ದನಿ ಅಂತ ನನ್ನನ್ನೇ ಕೇಳಿದರು. ಅವರಿಗೆ ಓದುವಾಗ ಒಳಗೆ ಯಾರೂ ಮಾತಾಡುವುದಿಲ್ಲವಂತೆ. ಚಿತ್ರ ಓಡುತ್ತದೆ. ಕೆರೆ ಏರಿ ಅಂತ ಇದ್ದರೆ ಏರಿ, ಅದರ ಮೇಲೆ ಹೋಗುವ ಗಾಡಿ, ಮೂಗಣಿ ಹಾಕಿದ ಎತ್ತು, ಎಲ್ಲವೂ. 11 ವರ್ಷ ಒಂದೇ ಕೋಣೆಯಲ್ಲಿ ಕೂತು, ಒಂದೇ ಪುಸ್ತಕಗಳನ್ನು ಓದಿ, ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡು ತಿಂದಿದ್ದೇವೆ, ಆದರೆ ಓದುವಾಗ ನಿನಗೆ ಏನಾಗುತ್ತದೆ ಅಂತ ಒಬ್ಬರನ್ನೊಬ್ಬರು ಕೇಳಿಯೇ ಇರಲಿಲ್ಲ.

ನಮ್ಮ ಡಿಟಿಪಿ ಹುಡುಗನೂ ಮಾತಿಗೆ ಬಂದ. ಮೇಷ್ಟ್ರ ಕೈಬರಹ ನೋಡಿ ಟೈಪ್ ಮಾಡಿದ್ದು ಅವನೇ. ಅವನ ಒಳಗಿನ ದನಿ ಮಳವಳ್ಳಿಯದು, ಹಾಗಾಗಿ ಅಲ್ಲಿಂದಲೇ 'ಆಡು' ಬಂದಿತ್ತು. ಆದರೆ ಅವನು ಹೇಳಿದ ಇನ್ನೊಂದು ಮಾತು ನನಗೆ ಮರೆಯುವುದಿಲ್ಲ. "ಅಣ್ಣ, ನಂಗೆ ಚಿತ್ರ ಗಿತ್ರ ಏನೂ ಬರಲ್ಲ. ಕಣ್ಣಿಗೆ ಕಟ್ಟಿದ ಹಾಗೆ ಅಂತಾರಲ್ಲ, ಅದು ಸುಮ್ನೆ ಮಾತಿಗೆ ಹೇಳೋದು ಅಂದ್ಕೊಂಡಿದ್ದೆ. ನಿಜವಾಗ್ಲೂ ಕಾಣ್ಸುತ್ತಾ?" ಕಣ್ಣು ಮುಚ್ಚಿ ಅವನ ತಾಯಿಯ ಮುಖ ನೆನೆಸಿಕೊ ಅಂದೆ. ನೆನಪಿದೆ, ಮೂಗುತಿ ಯಾವ ಕಡೆ ಅಂತ ಗೊತ್ತಿದೆ, ಕಾಣುವುದಿಲ್ಲ ಅಂದ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಇದನ್ನು ಕೇಳಿದ್ದ. ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ, ಬೆಳಕು ಹೇಗಿದೆ, ಬಣ್ಣ ಕಾಣುತ್ತದಾ ಅಂತ. ಅವನು ಮೊದಲು ಕೇಳಿದ ವಿಜ್ಞಾನಿಗಳಲ್ಲಿ ಹಲವರು ಹೇಳಿದ್ದು ನಮ್ಮ ಹುಡುಗನ ಮಾತನ್ನೇ: ಅಂಥ ಚಿತ್ರ ಇರುವುದಿಲ್ಲ, ಮನಸ್ಸಿನ ಕಣ್ಣು ಅನ್ನುವುದು ಬರೀ ಮಾತು. ಇದಕ್ಕೆ ಹೆಸರು ಬಂದದ್ದು ತುಂಬ ತಡವಾಗಿ. ಎಕ್ಸೆಟರ್ ವಿಶ್ವವಿದ್ಯಾಲಯದ ನರರೋಗ ತಜ್ಞ ಆಡಮ್ ಝೀಮನ್ ಮತ್ತು ಜೊತೆಗಾರರು ಹೃದಯದ ಚಿಕಿತ್ಸೆಯ ನಂತರ ಮನಸ್ಸಿನ ಚಿತ್ರಗಳನ್ನು ಕಳೆದುಕೊಂಡ ಒಬ್ಬರ ಬಗ್ಗೆ 2010ರಲ್ಲಿ ಬರೆದರು. ಅದರ ಸುದ್ದಿ ಓದಿದ ಕೆಲವರು ನಾವು ಹುಟ್ಟಿನಿಂದಲೇ ಹೀಗೆ ಅಂತ ಅವರನ್ನು ಸಂಪರ್ಕಿಸಿದರು. 2015ರಲ್ಲಿ 'ಅಫ್ಯಾಂಟೇಸಿಯಾ' ಅನ್ನುವ ಹೆಸರು ಇಟ್ಟರು. ಅದು ಕಾಯಿಲೆ ಅಲ್ಲ. ಹುಡುಗನಿಗೆ ಇದನ್ನು ಓದಿ ಹೇಳಿದಾಗ ಅವನ ಮುಖದಲ್ಲಿ ಎಷ್ಟು ನೆಮ್ಮದಿ ಬಂತು ಅಂದರೆ, ಪ್ರಬಂಧಕ್ಕೆ ವರ್ಣನೆ ಬರೆಯಲು ಬರುವುದಿಲ್ಲ ಅಂತ ಶಾಲೆಯಲ್ಲಿ ತಿಂದ ಏಟುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಂಡ.

ನನ್ನ ಕಥೆಗೂ ಉತ್ತರ ಸಿಕ್ಕಿತು. 1987ರಲ್ಲಿ ವ್ಯಾನ್ ಆರ್ಡನ್ ಅನ್ನುವವರು ಒಂದು ಪ್ರಯೋಗ ಮಾಡಿದ್ದರು. ಇಂಗ್ಲಿಷಿನಲ್ಲಿ ಗುಲಾಬಿಗೂ ಸಾಲುಗಳಿಗೂ 'ರೋಸ್' ಅಂತ ಒಂದೇ ಉಚ್ಚಾರ, ಸ್ಪೆಲಿಂಗ್ ಬೇರೆ. ಸಾಲುಗಳು ಅನ್ನುವ ಪದ ತೋರಿಸಿ ಇದು ಹೂವಾ ಅಂತ ಕೇಳಿದರೆ ಎಷ್ಟೋ ಸಲ ಜನ ಹೌದು ಅಂದುಬಿಡುತ್ತಿದ್ದರು. ಕಣ್ಣು ನೋಡಿದ್ದನ್ನು ಕಿವಿ ಬದಲಾಯಿಸಿತು. ಕನ್ನಡ ಬರೆದಂತೆ ಓದುವ ಭಾಷೆ, ನಮಗೆ ಆ ಕಷ್ಟ ಇಲ್ಲ ಅನ್ನಬಹುದು. ಇದೆ, ಊರಿನ ಮಾತಿನಿಂದ ಬರುತ್ತದೆ. 2011ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲೆಂಡಿನ ಉತ್ತರದವರಿಗೂ ದಕ್ಷಿಣದವರಿಗೂ ಪ್ರಾಸ ಇರುವ ಐದು ಸಾಲಿನ ಪದ್ಯಗಳನ್ನು ಮೌನವಾಗಿ ಓದಲು ಕೊಟ್ಟು, ಕಣ್ಣು ಎಲ್ಲಿ ತಡೆಯುತ್ತದೆ ಅಂತ ನೋಡಿದರು. ತಮ್ಮ ಸೀಮೆಯ ಉಚ್ಚಾರದಲ್ಲಿ ಪ್ರಾಸ ಕೂಡದ ಕಡೆ ಕಣ್ಣು ಎಡವುತ್ತಿತ್ತು. ಬಾಯಿ ಮುಚ್ಚಿ ಓದಿದರೂ ಒಳಗೆ ಓದುವುದು ಊರಿನ ನಾಲಿಗೆಯೇ. ಇದನ್ನು ಓದಿದ ದಿನ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಈಗ ನಮ್ಮ ಕೆಲಸದ ರೀತಿ ಬದಲಾಗಿದೆ. ತಲೆಬರಹಗಳೆಲ್ಲ ಮೊದಲು ಅಕ್ಕನ ಮೇಜಿಗೆ. ಅಕ್ಕನ ತಪ್ಪುಗಳು ಬೇರೆ ಥರ. ಸಹಕಾರ ಸಂಘದ ವಾರ್ಷಿಕ ವರದಿಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಚುಕ್ಕಿ ಹೋಗುವುದಿಲ್ಲ, ಕಥೆ ಕಾದಂಬರಿಯಲ್ಲಿ ಹೋಗುತ್ತದೆ. ಚಿತ್ರ ಓಡಲು ಶುರುವಾದರೆ ಅಕ್ಷರ ಹಿಂದೆ ಬೀಳುತ್ತದೆ, ಸಾಲಿನ ಕೊನೆಗೊಂದು 'ಮತ್ತು', ಮುಂದಿನ ಸಾಲಿನ ಮೊದಲಿಗೆ ಇನ್ನೊಂದು 'ಮತ್ತು', ಹಾಗೇ ದಾಟಿಬಿಡುತ್ತಾರೆ. ಅದು ನನಗೆ ತಕ್ಷಣ ಕೇಳಿಸುತ್ತದೆ. ಹುಡುಗನಿಗೂ ಈಗ ಒಂದು ಸಲ ಓದಲು ಕೊಡುತ್ತೇವೆ. 12ನೇ ಪುಟದಲ್ಲಿ ಬಾವಿ ಮನೆಯ ಮುಂದಿತ್ತು, 80ನೇ ಪುಟದಲ್ಲಿ ಹಿತ್ತಲಿಗೆ ಹೋಗಿದೆ ಅಂತ ಹಿಡಿಯುವುದು ಅವನೇ. ಅಕ್ಕನ ಚಿತ್ರದಲ್ಲಿ ಬಾವಿ ಸುಮ್ನೆ ಜಾಗ ಬದಲಾಯಿಸಿಕೊಂಡು ಹೊಂದಿಕೊಳ್ಳುತ್ತದೆ.

ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಪ್ರೂಫ್ ನೋಡುವ ಹಳೆಯ ಪದ್ಧತಿ ನನಗೆ ಈಗಲೂ ಇಷ್ಟ. ಆದರೆ ಇಬ್ಬರೂ ಮಂಡ್ಯ ಸೀಮೆಯವರೇ ಆದರೆ ಹಕಾರದ ವಿಷಯದಲ್ಲಿ ಅದನ್ನು ನಂಬಬೇಡಿ.

ನನ್ನ ಹಕಾರಕ್ಕೆ ನಾನೇ ಒಂದು ದಾರಿ ಮಾಡಿಕೊಂಡಿದ್ದೇನೆ. ಕನ್ನಡದಲ್ಲಿ ಅ, ಆ, ಇ, ಈ ಥರದ ಸ್ವರಾಕ್ಷರಗಳು ಸಾಮಾನ್ಯವಾಗಿ ಪದದ ಮೊದಲಲ್ಲಿ ಮಾತ್ರ ಬರುತ್ತವೆ, ಹಾಗಾಗಿ ಒಂದು ಪುಟದಲ್ಲಿ ಜಾಸ್ತಿ ಇರುವುದಿಲ್ಲ. ಕೊನೆಯ ಸುತ್ತಿನಲ್ಲಿ ಅರ್ಥ ನೋಡದೆ ಆ ಅಕ್ಷರಗಳಿಗೂ ಹಕಾರಕ್ಕೂ ಮಾತ್ರ ಪೆನ್ಸಿಲ್ ಚುಕ್ಕೆ ಇಡುತ್ತೇನೆ, ಕೆಳಗಿನ ಸಾಲಿನಿಂದ ಮೇಲಕ್ಕೆ. ಆಮೇಲೆ ಒಂದೊಂದನ್ನೂ ಮೂಲಪ್ರತಿಗೆ ಹೋಲಿಸುತ್ತೇನೆ. ಅಕ್ಕಿ-ಹಕ್ಕಿ, ಉಳಿ-ಹುಳಿ, ಅತ್ತು-ಹತ್ತು. ಎರಡೂ ಸರಿಯಾದ ಪದಗಳೇ, ಕಂಪ್ಯೂಟರ್ ಇದನ್ನು ಹಿಡಿಯುವುದಿಲ್ಲ. ಒಳಗಿನ ದನಿಯನ್ನೇ ಬದಲಾಯಿಸಿಕೊ ಅಂದರು ಒಬ್ಬರು. ಆಗುವುದಿಲ್ಲ, ನನಗೆ ಬೇಡವೂ ಬೇಡ. ಓದಿದ್ದು ನನ್ನದು ಅನ್ನಿಸುವುದು ಆ ದನಿಯಿಂದಲೇ.

ಮೇಷ್ಟ್ರ 500 ಪ್ರತಿಗೂ ತಲೆಬರಹದ ಪಟ್ಟಿ ಬೇರೆ ಅಚ್ಚು ಹಾಕಿಸಿ ಅಂಟಿಸಿದೆವು. ಹುಡುಗ ಕತ್ತರಿಸಿದ, ಅಕ್ಕ ಗೋಂದು ಹಚ್ಚಿದರು, ನಾನು ಕೂರಿಸಿದೆ. ಎರಡು ಸಂಜೆ ಹಿಡಿಯಿತು. ಎರಡನೆಯ ಸಂಜೆ ಮೇಷ್ಟ್ರೂ ಬಂದು ಜೊತೆಗೆ ಕೂತರು. ನೀವು ಆ ಅಧ್ಯಾಯ ಓದುವಾಗ ಯಾರ ದನಿ ಕೇಳಿಸುತ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವಂದೇ" ಅಂದರು. "ಅವಳೂ 'ಆಡು' ಅಂತಾನೇ ಅಂತಿದ್ಲು. 'ಬಾ ಮಗ, ಒಂದು ಆಡು ಏಳ್ತೀನಿ' ಅಂತ." ಆಮೇಲೆ ಇನ್ನೊಂದು ಪಟ್ಟಿ ತೆಗೆದುಕೊಂಡು, ಅದು ಸೊಟ್ಟಗಾಗದ ಹಾಗೆ ಅಂಚಿಗೆ ಹಿಡಿದು, ತಾವೇ ಅಂಟಿಸಿದರು.